ಮೊದಲು ಒಂದೇ ಸ್ಯಾಂಪಲ್‌ಗೆ ಎರಡು ಬಣ್ಣ ಹಚ್ಚಿ ನೋಡು

ಪ್ರೀತಿಯ ಪುಟ್ಟಿ,

ಆರೋಗ್ಯದ ಅಂಗಾಂಶ, ರೋಗದ ಅಂಗಾಂಶ ಎರಡರ ಪ್ರೋಟೀನ್‌ಗಳನ್ನು ಡೈ ಹಚ್ಚಿ ಹೋಲಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆಯಂತೆ. ಖುಷಿಯಾಯಿತು. ನಾನು ಪಟ್ಟ ಪಾಡೂ ನೆನಪಾಯಿತು.

ಹಿಂದೆ ಒಂದೊಂದು ಸ್ಯಾಂಪಲ್‌ಗೆ ಒಂದೊಂದು ಜೆಲ್ (ವಿದ್ಯುತ್ ಹಾಯಿಸಿ ಪ್ರೋಟೀನ್‌ಗಳನ್ನು ಚುಕ್ಕೆಚುಕ್ಕೆಯಾಗಿ ಬೇರ್ಪಡಿಸುವ ಲೋಳೆಯಂಥ ಹಾಳೆ) ಓಡಿಸುತ್ತಿದ್ದರು. ಎರಡು ಜೆಲ್ ಎಂದೂ ಒಂದೇ ಥರ ಓಡುವುದಿಲ್ಲ. ಚುಕ್ಕೆ ಜರುಗಿದರೆ ಅದು ಪ್ರೋಟೀನಿನ ಗುಣವೋ ಜೆಲ್‌ನ ಹಟವೋ ಹೇಳುವುದು ಹೇಗೆ? 1997ರಲ್ಲಿ ವಿಜ್ಞಾನಿ ಜೊನಾಥನ್ ಮಿಂಡೆನ್ ಅವರ ಗುಂಪು ದಾರಿ ತೋರಿಸಿತು. ಒಂದು ಸ್ಯಾಂಪಲ್‌ಗೆ ಸೈ3, ಇನ್ನೊಂದಕ್ಕೆ ಸೈ5 ಎಂಬ ಹೊಳೆಯುವ ಡೈ ಹಚ್ಚಿ, ಬೆರೆಸಿ, ಒಂದೇ ಜೆಲ್‌ನಲ್ಲಿ ಓಡಿಸುವುದು. ಜೆಲ್ ಏನೇ ತೊಂದರೆ ಕೊಟ್ಟರೂ ಇಬ್ಬರಿಗೂ ಸಮ.

ಆದರೆ ಡೈ ಹಚ್ಚುವ ಕೈ ನಿನ್ನದೇ ಅಲ್ವಾ? ಅಲ್ಲೇ ನಾನು ಎಡವಿದ್ದು. ಈ ಡೈ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಬೇಕಾದರೆ ಪಿಎಚ್ 8.5ರ ಆಸುಪಾಸು ಇರಬೇಕು. ನನ್ನ ಒಂದು ಸ್ಯಾಂಪಲ್‌ನಲ್ಲಿ ತೊಳೆಯದ ಆಮ್ಲ ಉಳಿದಿತ್ತು. ಡೈ ಸರಿಯಾಗಿ ಅಂಟಲಿಲ್ಲ. ರೋಗದಲ್ಲಿ ಇಷ್ಟೊಂದು ಪ್ರೋಟೀನ್ ಕಮ್ಮಿಯಾಗಿದೆ ಅಂತ ಎರಡು ತಿಂಗಳು ಬೀಗಿದೆ. ಪಿಎಚ್ ಪಟ್ಟಿ ಅದ್ದಿ ನೋಡಲು ಒಂದು ನಿಮಿಷ ಸಾಕಿತ್ತು.

ಅದಕ್ಕೇ ಹೇಳುತ್ತೇನೆ, ರೋಗದ ಸ್ಯಾಂಪಲ್ ಮುಟ್ಟುವ ಮೊದಲು ಒಂದೇ ಸ್ಯಾಂಪಲ್ಲನ್ನು ಎರಡು ಪಾಲು ಮಾಡಿ ಎರಡು ಡೈ ಹಚ್ಚು. ವ್ಯತ್ಯಾಸ ಇರಬಾರದು. ಆದರೂ ಸ್ವಲ್ಪ ಕಾಣುತ್ತದೆ. ಅಷ್ಟು ನಿನ್ನ ಕೈಯದು, ಡೈಯದು. ಅದಕ್ಕಿಂತ ಚಿಕ್ಕ ವ್ಯತ್ಯಾಸವನ್ನು ಮುಂದೆ ನಂಬಬೇಡ. ಕೆಲವು ಪ್ರೋಟೀನ್‌ಗಳಿಗೆ ಒಂದು ಡೈ ಮೇಲೆ ಒಲವು ಜಾಸ್ತಿ. ಹಾಗಾಗಿ ಅರ್ಧ ಜೆಲ್‌ಗಳಲ್ಲಿ ಡೈ ಅದಲುಬದಲು ಮಾಡು.

ಇದೇ ಜಾತಿಯ ಮೂರನೇ ಡೈ ಸೈ2 ಬಣ್ಣವನ್ನು ಸುಮ್ನೆ ಮೂರನೇ ಸ್ಯಾಂಪಲ್‌ಗೆ ಖರ್ಚು ಮಾಡಬೇಡ. ಎಲ್ಲ ಸ್ಯಾಂಪಲ್‌ಗಳಿಂದ ಸಮಸಮ ತೆಗೆದು ಬೆರೆಸಿದ ಮಿಶ್ರಣಕ್ಕೆ ಅದನ್ನು ಹಚ್ಚಿ, ಪ್ರತಿ ಜೆಲ್‌ಗೂ ಹಾಕು. ಅದೇ ನಿನ್ನ ಅಳತೆಗೋಲು. ಅದಿಲ್ಲದಿದ್ದರೆ ಒಂದು ಜೆಲ್‌ನ ಲೆಕ್ಕವನ್ನು ಇನ್ನೊಂದರ ಪಕ್ಕ ಇಡಲು ಬರುವುದಿಲ್ಲ.

ಉಳಿದದ್ದು ನಿನಗೆ ಗೊತ್ತು. 50 ಮೈಕ್ರೋಗ್ರಾಂ ಪ್ರೋಟೀನಿಗೆ 400 ಪಿಕೋಮೋಲ್ ಡೈ, ಐಸ್ ಮೇಲೆ ಕತ್ತಲಲ್ಲಿ ಅರ್ಧ ಗಂಟೆ, ಆಮೇಲೆ ಲೈಸಿನ್ ಹಾಕಿ ಡೈ ಅಂಟುವುದನ್ನು ನಿಲ್ಲಿಸುವುದು. ಡೈ ಕರಗಿಸುವ ಡಿಎಂಎಫ್ ದ್ರಾವಕಕ್ಕೆ ನೀರು ಸೋಕದಿರಲಿ. ನೀರು ಸೇರಿದರೆ ಡೈ ಅಂಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಯಾವ ಪ್ರೋಟೀನ್ ಎಂದು ಗುರುತಿಸಲು ಚುಕ್ಕೆ ಕತ್ತರಿಸುವಾಗ ಅವಸರ ಬೇಡ. ಡೈ ಅಂಟುವುದು ನೂರರಲ್ಲಿ ಮೂರೋ ಐದೋ ಪಾಲು ಪ್ರೋಟೀನಿಗೆ ಮಾತ್ರ. ಡೈ ಅಂಟಿದ ಪ್ರೋಟೀನು ಸುಮಾರು 500 ಡಾಲ್ಟನ್ (ಅಣುತೂಕದ ಅಳತೆ) ಹೆಚ್ಚು ಭಾರವಾಗಿ ಕೊಂಚ ಮೇಲೆ ನಿಲ್ಲುತ್ತದೆ. ಚಿಕ್ಕ ಪ್ರೋಟೀನ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಹೊಳೆಯುವ ಜಾಗವನ್ನೇ ಕತ್ತರಿಸಿದರೆ ಪ್ರೋಟೀನಿನ ಬಹುಪಾಲು ಜೆಲ್‌ನಲ್ಲೇ ಉಳಿದೀತು. ಇನ್ನೊಂದು ಬಣ್ಣದಿಂದ ಇಡೀ ಜೆಲ್ ಸ್ಟೇನ್ ಮಾಡಿ, ಅದನ್ನು ನೋಡಿ ಕತ್ತರಿಸು.

ಮೊದಲ ಜೆಲ್‌ನ ಚಿತ್ರ ಕಳಿಸು. ಕೆಂಪು ಹಸಿರು ಸೇರಿ ಹಳದಿ ಹೊಳೆಯುವ ಆ ಚಂದದ ಚಿತ್ರ ಬೇಡ. ಮೂರೂ ಬಣ್ಣದ್ದು ಬೇರೆ ಬೇರೆಯಾಗಿ ಬರಲಿ.

ಇಂತಿ,
ನಿನ್ನ ಅತ್ತೆ