ಕಬಡ್ಡಿ ಅಂಕಣಕ್ಕೆ 96 ತುಂಡು ಮ್ಯಾಟ್

ಗೆಳೆಯಾ,

ನಿನ್ನೆ ಶಾಲೆಗೆ ಹೋಗಿದ್ದೆ. ಎಂತ ಕೆಲಸವೂ ಇರಲಿಲ್ಲ. ಉಡುಪಿಯಿಂದ ಬರುವಾಗ ಬಸ್ಸು ಶಾಲೆಯ ಎದುರು ನಿಂತಿತು, ಮೈದಾನದಿಂದ ಹುಡುಗಿಯರ ಬೊಬ್ಬೆ ಕೇಳಿಸಿತು, ಇಳಿದುಬಿಟ್ಟೆ. ಜಿಟಿಜಿಟಿ ಮಳೆ. ಹತ್ತು ಹನ್ನೆರಡು ಹುಡುಗಿಯರು ಮೊಣಕಾಲಿನವರೆಗೆ ಕೆಂಪು ಕೆಸರು ಮೆತ್ತಿಕೊಂಡು ಕಬಡ್ಡಿ ಆಡುತ್ತಿದ್ದರು. ಕತ್ತಲಾಗುವವರೆಗೆ ಜಗಲಿಯಲ್ಲೇ ಕೂತಿದ್ದೆ ಮಾರಾಯ. ನಿನಗೆ ಹೇಳಲೇಬೇಕು ಅನ್ನಿಸಿತು. ನಮ್ಮ ಬ್ಯಾಚಿನ ಉಳಿದವರೂ ಓದಲಿ.

ಶಾಲೆ ಹಾಗೇ ಉಂಟು. ಅದೇ ಮುರಕಲ್ಲಿನ ಗೋಡೆ, ಅದೇ ಹಂಚಿನ ಮಾಡು. ಗೇಟಿನ ಮೇಲೆ ಈಗ 'ಸರಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ' ಅಂತ ಉದ್ದಕ್ಕೆ ಬರೆದಿದ್ದಾರೆ, ಆದರೆ ಕಂಡಕ್ಟರ್ ಕೂಗುವುದು ಈಗಲೂ 'ಬೋರ್ಡ್ ಶಾಲೆ' ಅಂತಲೇ. ನಾವು ಅದನ್ನು ಕರಿಹಲಗೆಯ ಬೋರ್ಡು ಅಂದುಕೊಂಡಿದ್ದೆವು, ಅಲ್ವಾ? ಅದು ದಕ್ಷಿಣ ಕನ್ನಡ ಜಿಲ್ಲಾ ಬೋರ್ಡು. ಮದ್ರಾಸು ಸರಕಾರದ ಕಾಲದಲ್ಲಿ ನಮ್ಮ ಹಾಗಿನ ಹೈಸ್ಕೂಲುಗಳನ್ನು ನಡೆಸುತ್ತಿದ್ದದ್ದು ಅದೇ. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಆಮೇಲೆ ಬೋರ್ಡು ಹೋಯಿತು, ಶಾಲೆ ಸರಕಾರದ್ದಾಯಿತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು.

ಜಗಲಿಯಲ್ಲಿ ನನ್ನ ಪಕ್ಕ ಒಬ್ಬರು ಅಜ್ಜ ಕೂತಿದ್ದರು. ದಿನಾ ಸಂಜೆ ಆಟ ನೋಡಲು ಬರುತ್ತಾರಂತೆ. ಇಲ್ಲೇ 'ಸಿಕ್ಸ್ತ್ ಫಾರ್ಮ್' ಮುಗಿಸಿದವರು. ಆಗ ಹೈಸ್ಕೂಲಿನಲ್ಲಿ ಇದ್ದದ್ದು ಫಾರ್ಮುಗಳ ಲೆಕ್ಕ, ಆರನೇ ಫಾರ್ಮ್ ಅಂದರೆ ಹನ್ನೊಂದನೇ ವರ್ಷದ ಓದು, ಅದರ ಕೊನೆಗೆ ಎಸ್ಸೆಸ್ಸೆಲ್ಸಿ. ಅವರ ಮನೆಯ ಅಂಗಳಕ್ಕೆ ಅವರ ಕ್ಲಾಸಿನ ಕೆಲವು ಹುಡುಗರು ಕಾಲಿಡುವ ಹಾಗಿರಲಿಲ್ಲ. ಇಲ್ಲಿ ಮಾತ್ರ ಆ ಹುಡುಗರ ಕಾಲನ್ನೇ ತಬ್ಬಿ ಹಿಡಿಯಬೇಕು, ಇಲ್ಲದಿದ್ದರೆ ಪಾಯಿಂಟು ಹೋಗುತ್ತದೆ. ಸಂಜೆ ಮನೆಗೆ ಹೋದರೆ ಅಮ್ಮ ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಗೆ ನಾಲ್ಕು ಕೊಡ ನೀರು ಸುರಿದೇ ಒಳಗೆ ಬಿಡುತ್ತಿದ್ದರಂತೆ. ಮಾರನೇ ದಿನ ಮತ್ತೆ ಅದೇ ಹುಡುಗರ ಜೊತೆ ಆಟ. 'ನಾಲ್ಕು ವರ್ಷ ಹಾಗೇ ಮಿಂದೆ, ಆಟ ಬಿಡಲಿಲ್ಲ' ಅಂದರು. ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದೇ ಶಾಲೆ ತೆರೆದಾಗ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟಿದ್ದರು. ಅದಾಗಿ ಅರುವತ್ತು ವರ್ಷದ ಮೇಲೂ ಮನೆಗಳಲ್ಲಿ ಹೀಗಿತ್ತು ನೋಡು. ಅದರ ಮಧ್ಯೆ ಈ ಕೆಂಪುಮಣ್ಣಿನ ಅಂಕಣ ಏನು ಮಾಡಿತು ಅಂತ ಯೋಚಿಸು.

ನಿನ್ನದೇ ಕತೆ ತಗೋ. ಏಳನೇ ಮುಗಿದ ಕೂಡಲೇ ನಿನ್ನನ್ನು ಮುಂಬಯಿಗೆ, ಮಾವನ ಹೋಟೆಲಿಗೆ ಕಳುಹಿಸಬೇಕು ಅಂತ ನಿನ್ನಪ್ಪ ನಿರ್ಧಾರ ಮಾಡಿದ್ದರು. ಪಿ.ಟಿ. ಮಾಸ್ಟ್ರು ಮನೆಗೆ ಬಂದು, ಚಾ ಕುಡಿದು, 'ಈ ಹುಡುಗ ನನಗೆ ಬೇಕು' ಅಂದರು. ನೀನು ಹೈಸ್ಕೂಲಿಗೆ ಬಂದದ್ದು ಕಬಡ್ಡಿಗೆ. ಓದು ಆಮೇಲೆ ಬಂತು. ಗಣಿತದ ಟೆಸ್ಟಿನಲ್ಲಿ ಫೇಲಾದವನಿಗೆ ಟೀಮಿನ ಬನಿಯನ್ ಇಲ್ಲ ಅಂತ ಮಾಸ್ಟ್ರು ನಿಯಮ ಮಾಡಿದ್ದರು, ಅದಕ್ಕೆ ಹೆದರಿ ನಾವೆಲ್ಲ ಪ್ರಾಕ್ಟೀಸ್ ಮುಗಿಸಿ ಬೆವರು ಒರೆಸಿಕೊಂಡು ಮತ್ತೆ ಕ್ಲಾಸಿಗೆ ಹೋಗಿ ಕೂರುತ್ತಿದ್ದೆವು, ಗಣಿತದ ಮೇಡಂ ತಮ್ಮ ಕಡೇ ಬಸ್ಸು ತಪ್ಪುತ್ತದೆ ಅಂತ ಗೊತ್ತಿದ್ದರೂ ಪ್ರಮೇಯ ಬಿಡಿಸಿಯೇ ಕಳುಹಿಸುತ್ತಿದ್ದರು. ನಾವು ಒಂಬತ್ತನೇಯಲ್ಲಿದ್ದಾಗ, 1997ರಲ್ಲಿ, ಉಡುಪಿ ಬೇರೆ ಜಿಲ್ಲೆ ಆಯಿತು. ಅಲ್ಲಿಯವರೆಗೆ ಜಿಲ್ಲಾ ಮಟ್ಟ ಅಂದರೆ ಮಂಗಳೂರಿನ ಮಂಗಳಾ ಕ್ರೀಡಾಂಗಣ, ಆಮೇಲೆ ಉಡುಪಿಯ ಅಜ್ಜರಕಾಡು ಮೈದಾನ. 1934ರಲ್ಲಿ ಗಾಂಧೀಜಿ ಬಂದು ಮಾತಾಡಿದ ಜಾಗ ಇದು ಅಂತ ಮಾಸ್ಟ್ರು ಬಸ್ಸಿನಲ್ಲೇ ಹೇಳಿದ್ದರು. ನೀನು ಬರಿಗಾಲಲ್ಲಿ ಒಳಗೆ ಹೋಗಿದ್ದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪೇಪರಿನಲ್ಲಿ ನಮ್ಮ ಕರಾವಳಿಯದ್ದೇ ಸುದ್ದಿ. 2024ರಲ್ಲಿ ಉಡುಪಿ ಶೇ. 94 ತೆಗೆದು ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಶೇ. 92.12 ಇಟ್ಟುಕೊಂಡು ಎರಡನೆಯದು. 2025ರಲ್ಲಿ ಅದಲು ಬದಲು, ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96. ನನಗೂ ಖುಷಿಯೇ. ಆದರೆ ಈ ಶೇಕಡಾ ಜಾಸ್ತಿ ಮಾಡುವ ಆಸೆಯಲ್ಲಿ ಕೆಲವು ಕಡೆ ಹತ್ತನೇ ತರಗತಿಯವರಿಗೆ ಆಟದ ಪೀರಿಯಡನ್ನೇ ತೆಗೆದು ವಿಶೇಷ ತರಗತಿ ಮಾಡುತ್ತಾರೆ. ಅದು ತಪ್ಪು ಅಂತ ನಾನು ಯಾರ ಎದುರು ಬೇಕಾದರೂ ಹೇಳುತ್ತೇನೆ. 625ಕ್ಕೆ 600 ತೆಗೆಯುವ ಮಗು ಹೇಗೂ ಶಾಲೆಗೆ ಬರುತ್ತದೆ. 250ರ ಹತ್ತಿರ ಇರುವ ಮಗು ಬೆಳಿಗ್ಗೆ ಎದ್ದು ಬರಬೇಕಾದರೆ ಅದಕ್ಕೆ ಶಾಲೆಯಲ್ಲಿ ತನ್ನದು ಅನ್ನುವ ಒಂದು ಜಾಗ ಬೇಕು. ನಿನಗೆ ಇದ್ದ ಹಾಗೆ.

2010ರ ಗುವಾಂಗ್ಝೌ ಏಷ್ಯನ್ ಗೇಮ್ಸ್ ನೆನಪುಂಟಾ? ಮಹಿಳಾ ಕಬಡ್ಡಿ ಅಲ್ಲಿಗೆ ಬಂದದ್ದೇ ಆ ವರ್ಷ. ಚಿನ್ನ ಗೆದ್ದ ತಂಡದಲ್ಲಿ ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ. ಅದೇ ಕೂಟದಲ್ಲಿ 400 ಮೀಟರ್ ಹರ್ಡಲ್ಸ್, ರಿಲೇ ಎರಡರಲ್ಲೂ ಚಿನ್ನ ಗೆದ್ದದ್ದು ಸಿದ್ದಾಪುರದ ಹತ್ತಿರದ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ. ಎರಡೂ ನಮ್ಮ ಉಡುಪಿ ಜಿಲ್ಲೆಯ ಹಳ್ಳಿಗಳು. ನಿನ್ನೆ ಕೆಸರಿನಲ್ಲಿದ್ದ ಹುಡುಗಿಯರಿಗೆ ಈ ಹೆಸರುಗಳು ಬಾಯಿಪಾಠ. ಮೂಡುಬಿದಿರೆ, ಉಜಿರೆಯ ಕಾಲೇಜುಗಳು ಒಳ್ಳೆ ಆಟಗಾರರನ್ನು ಸೇರಿಸಿಕೊಂಡು ಓದಿಸುತ್ತವೆ ಅನ್ನುವುದೂ ಗೊತ್ತು. ಅಲ್ಲಿಗೆ ಹೋಗಬೇಕು ಅಂತಲೇ ಇವರು ಆಡುತ್ತಿರುವುದು.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಈ ಹುಡುಗಿಯರು ತಾಲೂಕು ಮಟ್ಟದಲ್ಲಿ ಸೆಮಿಫೈನಲಿಗೆ ಹೋಗಿ ಸೋತರು. ಪಂದ್ಯ ಮ್ಯಾಟಿನ ಮೇಲೆ. ಇವರು ವರ್ಷವಿಡೀ ಆಡುವುದು ಮಣ್ಣಿನಲ್ಲಿ. ಮಣ್ಣಿನಲ್ಲಿ ಕಾಲು ಜಾರುತ್ತದೆ, ಆ ಜಾರುವುದನ್ನು ನಂಬಿಯೇ ತಿರುಗುವುದು. ಮ್ಯಾಟಿನಲ್ಲಿ ಕಾಲು ಹಿಡಿದುಕೊಳ್ಳುತ್ತದೆ. ಇವರ ಒಳ್ಳೆ ರೈಡರ್ ಎರಡನೇ ರೈಡಿನಲ್ಲಿ ತಿರುಗಿದಳು, ಪಾದ ಅಲ್ಲೇ ನಿಂತಿತು, ಮೊಣಕಾಲು ತಿರುಚಿತು. ಆ ಹುಡುಗಿ ನಿನ್ನೆ ನನ್ನ ಪಕ್ಕದಲ್ಲೇ ಕೂತು ಅಂಕ ಬರೆಯುತ್ತಿದ್ದಳು. ಮುಂದಿನ ತಿಂಗಳು ಮತ್ತೆ ಆಡಬಹುದು ಅಂತ ಡಾಕ್ಟರ್ ಹೇಳಿದ್ದಾರಂತೆ. ಎಲ್ಲಿ ಆಡುವುದು, ಮತ್ತೆ ಅದೇ ಕೆಸರಿನಲ್ಲಿ ಕಲಿತು ಮ್ಯಾಟಿನಲ್ಲಿ ಬೀಳುವುದಾ?

ಹುಡುಗಿಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಮ್ಯಾಟ್ ಒಂದು ಮೀಟರ್ ಚೌಕದ ತುಂಡುಗಳಾಗಿ ಬರುತ್ತದೆ, ಒಂದಕ್ಕೊಂದು ಹಲ್ಲು ಕೂಡಿಸಿ ಜೋಡಿಸುವುದು. ಅಂದರೆ 96 ತುಂಡು. ಮಳೆ ಬಂದರೆ ಬಿಚ್ಚಿ ಒಳಗೆ ಪೇರಿಸಿಡಬಹುದು. ಮಕ್ಕಳು ಕಮ್ಮಿಯಾಗಿ ನಮ್ಮ ಎಂಟನೇ 'ಬಿ' ಕೋಣೆ ಈಗ ಖಾಲಿ ಬಿದ್ದಿದೆ, ಅಲ್ಲೇ ಇಡಿ ಅಂತ ಹೆಡ್ ಮಾಸ್ಟ್ರು ಹೇಳಿದರು. ನೆಲ ಸಮ ಮಾಡಿ ಮಣ್ಣು ಗಟ್ಟಿ ಮಾಡುವ ಕೆಲಸ ಊರಲ್ಲಿರುವ ನಾವು ಎರಡು ಭಾನುವಾರ ಕೂತು ಮುಗಿಸುತ್ತೇವೆ. ಒಬ್ಬರಿಗೆ ಒಂದೇ ತುಂಡು ಸಾಕು. ಹಳೆ ವಿದ್ಯಾರ್ಥಿಗಳು 96 ಜನ ಸಿಗುವುದಿಲ್ವಾ? ಅಜ್ಜ ಮೊದಲನೇದು ತನ್ನದು ಅಂದುಬಿಟ್ಟರು. ರಾತ್ರಿ ಫೋನ್ ಮಾಡುತ್ತಾ ಕೂತು 31 ಆಗಿದೆ.

ನಿನ್ನ ಹೆಸರಿಗೆ ಮಧ್ಯಗೆರೆಯ ಹತ್ತಿರದ ಎರಡು ಬರೆದುಕೊಂಡಿದ್ದೇನೆ. ದುಬೈಯಲ್ಲಿ ನಿನ್ನ ಜೊತೆ ಇರುವ ನಮ್ಮ ಶಾಲೆಯವರನ್ನೂ ಕೇಳು. ವಲಯ ಮಟ್ಟದ ಪಂದ್ಯ ಚೌತಿ ಕಳೆದ ಕೂಡಲೇ ಉಂಟು, ಅದಕ್ಕಿಂತ ಮೊದಲು ಒಂದು ತಿಂಗಳಾದರೂ ಅವರ ಕಾಲಿಗೆ ಮ್ಯಾಟ್ ಸಿಗಬೇಕು. ಬೇಗ ಉತ್ತರ ಬರೆ.

ನಿನ್ನ ಗೆಳೆಯ