ಕೀಬೋರ್ಡ್ ಕೆಟ್ಟರೆ ಇಡೀ ಪ್ಯಾನೆಲ್ ಯಾಕೆ ಬದಲಿಸಬೇಕು?

ಮಾನ್ಯ ಸಂಪಾದಕರೇ,

ಮಧುಗಿರಿಯ ಉಪನೋಂದಣಾಧಿಕಾರಿ ಕಚೇರಿ ಆಸುಪಾಸಿನಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆದುಕೊಟ್ಟು ಜೀವನ ಮಾಡುವವನು ನಾನು. ನಾನು ಟೈಪ್ ಮಾಡುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ. ಅದರಲ್ಲಿ ಒತ್ತಕ್ಷರ ಮೂಡಬೇಕಾದರೆ ಎಫ್ ಕೀ ಒತ್ತಲೇಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಕೈಕೊಟ್ಟದ್ದು ಅದೇ ಎಫ್. ಜಮೀನಿನ ಚಕ್ಕುಬಂದಿ ಬರೆಯಲು ಕೂತರೆ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ, ಎಲ್ಲದಕ್ಕೂ ಒತ್ತು ಬೇಕು. ನಾಲ್ಕು ದಿಕ್ಕೂ ಒಟ್ಟಿಗೆ ಬಂದ್! ಇಂಗ್ಲಿಷ್ ಟೈಪ್ ಮಾಡುವವರ ಕೈಯಲ್ಲಿ ಈ ಕೀ ಇಷ್ಟು ಸವೆಯುವುದಿಲ್ಲ. ನಮ್ಮ ಪತ್ರಗಳಲ್ಲಿ ಪ್ರತಿ ಸಾಲಿಗೂ ಹಲವು ಸಲ ಅದರ ಮೇಲೆ ಬೆರಳು ಬೀಳುತ್ತದೆ.

ತುಮಕೂರಿನ ಸೇವಾ ಕೇಂದ್ರದವರು ನೋಡಿ, ‘ಒಳಗೆ ಧೂಳು ಹೋಗಿದೆ, ವಾರಂಟಿಯೂ ಮುಗಿದಿದೆ. ಕೀಬೋರ್ಡ್ ಒಂದನ್ನೇ ಹಾಕಲು ಬರಲ್ಲ, ಟಚ್‌ಪ್ಯಾಡ್ ಸಮೇತ ಮೇಲಿನ ಪ್ಯಾನೆಲ್ಲೇ ಬದಲಿಸಬೇಕು’ ಎಂದರು. ಹೇಳಿದ ಮೊತ್ತ ಹೊಸ ಲ್ಯಾಪ್‌ಟಾಪಿನ ಕಾಲು ಭಾಗದಷ್ಟಿತ್ತು. ಪರಿಚಯದ ಮೆಕ್ಯಾನಿಕ್ ಬಿಚ್ಚಿ ತೋರಿಸಿದಾಗ ಕಾರಣ ತಿಳಿಯಿತು. ಕೀಬೋರ್ಡನ್ನು ಕೂರಿಸಿರುವುದು ಸ್ಕ್ರೂಗಳಿಂದಲ್ಲ, ಕಾಯಿಸಿ ಒತ್ತಿದ ಪ್ಲಾಸ್ಟಿಕ್ ಮೊಳೆಗಳ ಸಾಲಿನಿಂದ. ಬೇಕೆಂದರೆ ಒಂದೊಂದನ್ನೂ ಮುರಿದು ಕಿತ್ತು, ಹೊಸದನ್ನು ಅಂಟಿನಿಂದ ಕೂರಿಸಬೇಕು. ಹಾಗೆ ಮಾಡಿದರೆ ಎಷ್ಟು ದಿನ ಬಾಳುತ್ತದೋ ಎಂದು ಅವನೇ ಹಿಂಜರಿದ. ಕೀಗಳ ಕೆಳಗಿನ ತೆಳು ಹಾಳೆಯಲ್ಲಿ ಅಚ್ಚಾದ ಗೆರೆ ತುಂಡಾಗಿರುವುದರಿಂದ ಬ್ರಷ್ಷು, ಬ್ಲೋವರ್ ಯಾವುದೂ ನಡೆಯಲಿಲ್ಲ. ಮೊದಲಿನ ಲ್ಯಾಪ್‌ಟಾಪುಗಳಲ್ಲಿ ಎರಡು ಸ್ಕ್ರೂ ಬಿಚ್ಚಿ, ಕೊಕ್ಕೆ ಸರಿಸಿದರೆ ಕೀಬೋರ್ಡ್ ಕೈಗೇ ಬರುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವವರ ಕೈಲಿ ಹೇಳಿ ತರಿಸಿದರೆ ಮುಗಿಯಿತು.

ಧೂಳಿನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಬೇಸಿಗೆಯಲ್ಲಿ ಮಧುಗಿರಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೂರುವುದು ಯಾರಿಂದಾದೀತು? ಆಪಲ್ ಕಂಪನಿ 2015ರಲ್ಲಿ ತಂದ ತೆಳು ಕೀಬೋರ್ಡಿಗೂ ಧೂಳು ಸೇರಿ ಕೀಗಳು ಸಿಕ್ಕಿಕೊಳ್ಳುತ್ತಿದ್ದವು. ಆಗ ತಪ್ಪು ಗ್ರಾಹಕರ ತಲೆಗೆ ಬರಲಿಲ್ಲ. 2018ರಲ್ಲಿ ಕಂಪನಿಯೇ ಉಚಿತ ರಿಪೇರಿಗೆ ಮುಂದಾಯಿತು, 2022ರಲ್ಲಿ ಅಮೆರಿಕದಲ್ಲಿ 5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಇತ್ಯರ್ಥಕ್ಕೂ ಒಪ್ಪಿತು.

ಸದ್ಯಕ್ಕೆ ಯುಎಸ್‌ಬಿ ಕೀಬೋರ್ಡ್ ಒಂದನ್ನು ಲ್ಯಾಪ್‌ಟಾಪಿನ ಮೇಲೇ ಇಟ್ಟುಕೊಂಡು ಕೆಲಸ ನಡೆಸಿದ್ದೇನೆ. ಎಫ್ ಕೆಲಸವನ್ನು ಸೆಮಿಕೋಲನ್ ಕೀಗೆ ವಹಿಸುವ ಉಪಾಯವನ್ನೂ ಮಗಳು ಮಾಡಿಕೊಟ್ಟಳು, ಆದರೆ ವರ್ಷಗಳಿಂದ ಪಳಗಿದ ಬೆರಳು ಅವಳ ಮಾತು ಕೇಳಬೇಕಲ್ಲ!

ನಾನು ಕೇಳುವುದಿಷ್ಟೇ. ಕೀಬೋರ್ಡ್ ಬಿಡಿಯಾಗಿ ಸಿಗುತ್ತದೋ ಇಲ್ಲವೋ, ಸಿಕ್ಕರೆ ಬೆಲೆ ಎಷ್ಟು ಎಂಬುದನ್ನು ಕೊಳ್ಳುವ ಮೊದಲೇ ಡಬ್ಬಿಯ ಮೇಲೆ ಬರೆಯಲಿ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವವರು ಅದು ರಿಪೇರಿಗೆ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ತೋರಿಸಲೇಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಮಾಹಿತಿ ಕೊಡುವ ‘ರೈಟ್ ಟು ರಿಪೇರ್’ (ರಿಪೇರಿಯ ಹಕ್ಕು) ಪೋರ್ಟಲ್ ತೆರೆದಿದೆ, ಸಂತೋಷ. ಆದರೆ ಪ್ಲಾಸ್ಟಿಕ್ ಮೊಳೆ ಹೊಡೆದು ಕಳಿಸಿದ ಮೇಲೆ ಪೋರ್ಟಲ್ ನೋಡಿ ಏನು ಮಾಡುವುದು?

ರಾಜ್ಯ ಸರ್ಕಾರವೂ ಕಾಲೇಜು ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಂಡು ಹಂಚಿದೆ. ಸಾವಿರಗಟ್ಟಲೆ ಕೊಳ್ಳುವವರ ಮಾತಿಗೆ ನನ್ನಂಥವನ ಮಾತಿಗಿಂತ ತೂಕ ಹೆಚ್ಚು. ಮುಂದಿನ ಟೆಂಡರಿನಲ್ಲಾದರೂ ಕೀಬೋರ್ಡ್ ಮತ್ತು ಬ್ಯಾಟರಿಯನ್ನು ಸ್ಕ್ರೂ ಬಿಚ್ಚಿ ಬದಲಿಸುವಂತಿರಬೇಕು, ಬಿಡಿಭಾಗಗಳು ಐದು ವರ್ಷ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು ಎಂಬ ಷರತ್ತನ್ನು ಸಂಬಂಧಪಟ್ಟ ಇಲಾಖೆಗಳು ಸೇರಿಸಲಿ.

– ಒಬ್ಬ ಪತ್ರ ಬರಹಗಾರ, ಮಧುಗಿರಿ, ತುಮಕೂರು ಜಿಲ್ಲೆ