ನಾರ್ಮಲ್ ಬ್ಲೌಸ್ ಅಂದರೆ ಯಾವುದು? ಜಿಲ್ಲಾಧಿಕಾರಿಗಳಿಗೆ ಕುಮಟಾದ ಟೈಲರ್ ಒಬ್ಬಳ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ನಮಸ್ಕಾರ.

ಕುಮಟಾದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. 19 ವರ್ಷದಿಂದ ಬ್ಲೌಸು, ಚೂಡಿದಾರ, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದೇನೆ. ನಿಮ್ಮ ಮೇಜಿನ ಮೇಲೆ ದೊಡ್ಡ ದೊಡ್ಡ ಕಡತಗಳಿರುತ್ತವೆ ಅಂತ ಗೊತ್ತು. ಕಡಲ್ಕೊರೆತ, ಹೆದ್ದಾರಿ, ಅರಣ್ಯ ಅತಿಕ್ರಮಣ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲಂತೂ ಮಳೆ ಜೋರಾದರೆ ನಮಗೇ ನಿದ್ದೆ ಬರುವುದಿಲ್ಲ, ಇನ್ನು ನಿಮಗೆ ಹೇಗೆ ಬಂದೀತು. ಇಷ್ಟೆಲ್ಲದರ ನಡುವೆ ಒಂದು ಕುಪ್ಪಸದ ಕತೆ ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ. ಯಾಕಂದರೆ ಇದನ್ನು ಕೇಳಬೇಕಾದ ಒಂದು ಸಮಿತಿಗೆ ನೀವೇ ಅಧ್ಯಕ್ಷರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಣ್ಣನ ಮಗ ಯಕ್ಷಗಾನ ಕಲಿಯಲು ಹೋದ. 13 ವರ್ಷದ ಮಾಣಿ. ಗುರುಗಳು ಅವನಿಗೆ ಮೋಹಿನಿ ಪಾತ್ರ ಕೊಟ್ಟರು. ಕುಪ್ಪಸ ಹೊಲಿದವಳು ನಾನೇ. ಎರಡು ಸಲ ಹಾಕಿ ನೋಡಲು ಬಂದ. "ಅತ್ತೆ, ಕಂಕುಳಲ್ಲಿ ಬಿಗಿ. ಕೈ ಎತ್ತಿದ್ರೆ ಹರೀತದೆ" ಅಂದ. ಭಸ್ಮಾಸುರನ ತಲೆ ಮೇಲೆ ಅವನ ಕೈಯನ್ನೇ ಇಡಿಸಬೇಕಾದ ಮೋಹಿನಿಗೆ ಕೈ ಎತ್ತಲಿಕ್ಕಾಗದಿದ್ದರೆ ಹೇಗೆ, ಅಲ್ವಾ? ಕಂಕುಳಿಗೆ ಒಂದು ತುಂಡು ಬಟ್ಟೆ ಕೊಟ್ಟು ಸಡಿಲ ಮಾಡಿದೆ.

ಆಟದ ದಿನ ನಾನೂ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿದ್ದೆ. ನನ್ನ ಅಣ್ಣ ಬೋಟಿಗೆ ಹೋಗುವವನು. ಬಲೆ ಹಗ್ಗ ಎಳೆದು ಎಳೆದು ಬೆರಳೆಲ್ಲ ಒರಟು. ಅವನು ಬಾಯಲ್ಲಿ ನಾಲ್ಕು ಪಿನ್ ಕಚ್ಚಿಕೊಂಡು, ಮಂಡಿಯೂರಿ ಕೂತು, ಮಗನ ಸೀರೆಯ ನೆರಿಗೆ ಹಿಡಿಯುತ್ತಿದ್ದ. ಒಂದು ನೆರಿಗೆ ಜಾರಿದರೆ ಮತ್ತೆ ಮೊದಲಿನಿಂದ. ತಾನು ಸೀರೆ ಉಡಿಸುತ್ತಿದ್ದೇನೆ ಅಂತ ಅವನಿಗೆ ಅನಿಸಲೇ ಇಲ್ಲ. ಮಗ ರಂಗಕ್ಕೆ ಹೋಗಬೇಕು, ಹೊತ್ತಾಗುತ್ತಿದೆ, ಅಷ್ಟೇ. ಅಂಗಳದಲ್ಲಿ ಕೂತ ಯಾರೂ ನಗಲಿಲ್ಲ. ಭಸ್ಮಾಸುರ ತಲೆ ಮೇಲೆ ಕೈ ಇಟ್ಟುಕೊಂಡಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಮೂರನೇ ದಿನ ಒಂದು ವಿಡಿಯೋ ಬಂತು. ಆಟದ್ದಲ್ಲ, ಚೌಕಿಯದ್ದು. ಮಾಣಿ ಸೆರಗು ಸರಿ ಮಾಡಿಕೊಳ್ಳುವುದು, ಕನ್ನಡಿಯಲ್ಲಿ ಜಡೆ ನೋಡಿಕೊಳ್ಳುವುದು. ಅದಕ್ಕೆ ಹಿಂದಿನಿಂದ ಖಿಖಿಖಿ ಅಂತ ನಗುವ ಸದ್ದು. ಮೇಲೆ "ಹುಡುಗನೋ ಹುಡುಗಿಯೋ?" ಅಂತ ಅಕ್ಷರ. ಮೊದಲು ಮೊಬೈಲಿನಲ್ಲಿ ಓಡಾಡಿತು, ಆಮೇಲೆ ಒಂದು ಲೋಕಲ್ ಕೇಬಲ್ ಚಾನೆಲ್ಲಿನ ತಮಾಷೆ ಕಾರ್ಯಕ್ರಮದಲ್ಲೂ ಬಂತು. ಫೋನ್ ಮಾಡಿ ಕೇಳಿದೆ. "ಅಕ್ಕಾ, ಸುಮ್ನೆ ತಮಾಷೆಗೆ. ಜನ ನೋಡ್ತಾರೆ, ನಾವು ಹಾಕ್ತೇವೆ" ಅಂದರು. ಮಗುವಿನ ಮುಖ ತೋರಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲವಂತೆ. ಒಂದು ವಾರದ ಮೇಲೆ ತೆಗೆದರು. ಅಷ್ಟರೊಳಗೆ ಶಾಲೆ ಶುರುವಾಗಿತ್ತು. ಹುಡುಗರು ಇವನಿಗೆ ಒಂದು ಹೆಸರಿಟ್ಟಿದ್ದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮಗೂ ಗೊತ್ತಿರುತ್ತದೆ.

ಆಮೇಲೆ ಒಂದು ಸಂಜೆ ನೋಡಿದ್ದನ್ನು ಹೇಳಬೇಕು. ನನ್ನ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇದೆ. ಮಾಣಿ ಮೊಬೈಲನ್ನು ಹೊಲಿಗೆ ಮಿಷನ್ನಿಗೆ ಒರಗಿಸಿಟ್ಟು ಯಾವುದೋ ರೀಲ್ಸ್ ನೋಡುತ್ತಿದ್ದ. ನೋಡಿ, ಕನ್ನಡಿಯ ಮುಂದೆ ನಡೆಯುತ್ತಿದ್ದ. ಎದೆ ಮುಂದೆ, ಎರಡೂ ಕೈ ಮೈಯಿಂದ ದೂರ, ಕಂಕುಳಲ್ಲಿ ಕುರು ಎದ್ದವರ ಹಾಗೆ. ತಿರುಗಿ ಬಂದು ಮತ್ತೆ ನೋಡುತ್ತಿದ್ದ, ಮತ್ತೆ ನಡೆಯುತ್ತಿದ್ದ. ನನಗೆ ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಗಂಡಸಿನ ನಡಿಗೆ ಕಲಿಯುತ್ತಿದ್ದಾನೆ. ಮೋಹಿನಿಯ ನಡಿಗೆಯನ್ನು ಗುರುಗಳು ಮೂರು ವಾರ ಹೇಳಿಕೊಟ್ಟಿದ್ದರು. ಈ ನಡಿಗೆಯನ್ನು ಮೊಬೈಲ್ ಹೇಳಿಕೊಡುತ್ತಿದೆ. ಎರಡೂ ವೇಷವೇ. ಮೋಹಿನಿಯದ್ದಾದರೆ ಆಟ ಮುಗಿದ ಮೇಲೆ ಬಿಚ್ಚಿಡಬಹುದಿತ್ತು.

ಯಕ್ಷಗಾನದಲ್ಲಿ ಎಲ್ಲ ಸರಿಯಿತ್ತು, ಟಿವಿ ಬಂದು ಕೆಡಿಸಿತು ಅಂತ ನಾನು ಹೇಳುತ್ತಿಲ್ಲ. ನಮ್ಮ ಪಕ್ಕದ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಮೇಳ ಶುರುವಾದದ್ದು 1934ರಲ್ಲಿ. ಕೆರೆಮನೆ ಗಜಾನನ ಹೆಗಡೆಯವರ ಸ್ತ್ರೀವೇಷ ನೋಡಿದ ಹಿರಿಯರು ಇವತ್ತಿಗೂ ಅದರ ಮಾತಾಡುತ್ತಾರೆ. ಆದರೆ ರಾತ್ರಿ ದಮಯಂತಿಗೆ ಕಣ್ಣೀರು ಹಾಕಿದ ಜನವೇ ಬೆಳಿಗ್ಗೆ ಚಾದಂಗಡಿಯಲ್ಲಿ ವೇಷಧಾರಿಯ ಮಾತು, ನಡಿಗೆ ಆಡಿಕೊಂಡದ್ದೂ ಉಂಟು. ಹೆಂಗಸರಿಗಂತೂ ರಂಗಸ್ಥಳದ ಮೇಲೆ ಜಾಗವೇ ಇರಲಿಲ್ಲ ಬಹಳ ಕಾಲ. ಈಗ ಹೆಂಗಸರ ತಂಡಗಳೇ ಇವೆ, ರಾಕ್ಷಸ ವೇಷವನ್ನೂ ಕಟ್ಟುತ್ತಾರೆ.

ಆದರೂ ಒಂದು ವ್ಯತ್ಯಾಸ ಇದೆ. ಯಕ್ಷಗಾನದಲ್ಲಿ ನಗಿಸಲಿಕ್ಕೆ ಹಾಸ್ಯಗಾರ ಬೇರೆ ಇರುತ್ತಾನೆ. ಸ್ತ್ರೀವೇಷ ನಗುವ ವಸ್ತು ಅಲ್ಲ. ಟಿವಿ ಕಾಮಿಡಿ ಕಾರ್ಯಕ್ರಮದಲ್ಲಿ ಗಂಡಸು ಸೀರೆ ಉಟ್ಟು ಬಂದರೆ ಆ ಸೀರೆಯೇ ಜೋಕು. ಬೇರೆ ಮಾತೇ ಬೇಕಾಗಿಲ್ಲ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಣ್ಣನ ಮನೆಯಲ್ಲಿ ಎಲ್ಲರೂ ಕೂತು ನಗುವಾಗ ಮಾಣಿಯೂ ಅಲ್ಲೇ ಕೂತಿರುತ್ತಿದ್ದ.

ನನ್ನ ಕಸುಬಿನಲ್ಲಿ ದಿನಾ ಕೇಳುವ ಮಾತು ಒಂದಿದೆ. "ಅಕ್ಕಾ, ನಾರ್ಮಲ್ ಬ್ಲೌಸ್ ಹೊಲಿ, ಸಾಕು." ನಾರ್ಮಲ್ ಅಂದರೆ ಯಾವುದು ಅಂತ ಕೇಳಿದರೆ ಮೊಬೈಲ್ ತೆಗೆದು ತೋರಿಸುತ್ತಾರೆ. ಯಾವುದೋ ಸೀರಿಯಲ್ಲಿನ ಸೊಸೆಯ ಬ್ಲೌಸ್ ಅದು. ನಾಲ್ಕು ವರ್ಷಕ್ಕೊಮ್ಮೆ ನಾರ್ಮಲ್ ಬದಲಾಗುತ್ತದೆ. ತೋಳು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಬೆನ್ನಿಗೆ ದಾರ ಬರುತ್ತದೆ. ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಅಜ್ಜಿಯರಿಗೆ ಬ್ಲೌಸೇ ಇರಲಿಲ್ಲ, ಕೊರಳ ತುಂಬ ಮಣಿಸರ ಅಷ್ಟೇ. ಅದು ಅವರಿಗೆ ನಾರ್ಮಲ್. (ಎಲ್ಲರೂ ಹಾಗೇ ಇದ್ದಿದ್ದರೆ ನನ್ನ ಅಂಗಡಿಯ ಗತಿ ಏನು, ಅದು ಬೇರೆ ಮಾತು.)

ಒಮ್ಮೆ ಒಬ್ಬಳು ಹುಡುಗಿ ತೋಳಿಲ್ಲದ ಬ್ಲೌಸಿಗೆ ಅಳತೆ ಕೊಟ್ಟಳು. ಜೊತೆಗೆ ಬಂದ ತಾಯಿ, "ಅದು ವಿಲನ್ ಬ್ಲೌಸ್, ಬೇಡ" ಅಂದಳು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಸೀರಿಯಲ್ಲಿನಲ್ಲಿ ಮನೆ ಒಡೆಯುವವಳಿಗೆ ತೋಳಿರುವುದಿಲ್ಲ. ಅಳುವವಳಿಗೆ ಮುಕ್ಕಾಲು ತೋಳು, ಕೊರಳಲ್ಲಿ ತಾಳಿ. ಮಲಗುವಾಗಲೂ ಮೈತುಂಬ ಒಡವೆ. ಆ ತಾಯಿ ಕೆಟ್ಟವಳಲ್ಲ. ಮೀನು ಮಾರಿ ಮಗಳನ್ನು ಕಾಲೇಜಿಗೆ ಕಳಿಸಿದವಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹರಾಜಿನಲ್ಲಿ ಗಂಡಸರ ನಡುವೆ ನಿಂತು ಬಂಗಡೆಗೆ ದರ ಕೂಗುತ್ತಾಳೆ. ಸೊಂಟದ ಚೀಲದಲ್ಲಿ ದುಡ್ಡು, ತಲೆಯಲ್ಲಿ ಲೆಕ್ಕ. ಅವಳಂಥ ಹೆಂಗಸನ್ನು ಯಾವ ಸೀರಿಯಲ್ಲಿನಲ್ಲಿ ತೋರಿಸುತ್ತಾರೆ? ಕಾರವಾರದಿಂದ ಭಟ್ಕಳದವರೆಗೆ ಮೀನು ಮಾರುಕಟ್ಟೆ ನಡೆಯುವುದು ಇಂಥವರಿಂದ. ಸಂಜೆ ಟಿವಿಯ ಮುಂದೆ ಕೂತಾಗ ಮಾತ್ರ ಇದ್ಯಾವುದೂ ಅವಳ ಲೆಕ್ಕಕ್ಕೆ ಬರುವುದಿಲ್ಲ. ಹೆಣ್ಣು ಹೇಗಿರಬೇಕು ಅಂದರೆ ಆ ಸೊಸೆಯ ಕಡೆಗೆ ಬೆರಳು ಮಾಡುತ್ತಾಳೆ.

ನಮ್ಮ ಜಿಲ್ಲೆಯ ಹೆಂಗಸರು ಟಿವಿಯಲ್ಲಿ ಬಂದೇ ಇಲ್ಲ ಅಂತಲ್ಲ. ಅಂಕೋಲಾದ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡರು. ಟಿವಿಯವರು ತೋರಿಸಿದ್ದೇ ತೋರಿಸಿದ್ದು ಅವರ ಬರಿಗಾಲನ್ನು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಸಸಿ ಎಬ್ಬಿಸಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಅನ್ನುವುದು ಅವರ ತಲೆಯಲ್ಲಿತ್ತು. ಆ ತಲೆಯ ಬಗ್ಗೆ ಮಾತಾಡಿದವರು ಕಡಿಮೆ. ಮರುದಿನವೇ ಬಳ್ಳಾರಿ ಕಡೆಯ, ಲಿಂಗತ್ವ ಅಲ್ಪಸಂಖ್ಯಾತರೇ ಆದ ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಕೊಟ್ಟರು. ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದು ಎಲ್ಲರ ಮೊಬೈಲಿಗೂ ಬಂತು. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು ಅನ್ನುವುದು ಎಷ್ಟು ಜನಕ್ಕೆ ತಲುಪಿತು? ನಮ್ಮ ಅಂಕೋಲಾ ಕಡೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಡುವ ಅಜ್ಜಿ ಅಂದರು, ಸರಿ. ಅದೇ ಅಜ್ಜಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತದ್ದು ಹಾಡಿನಷ್ಟು ಸುದ್ದಿಯಾಗಲಿಲ್ಲ.

2023ರ ಜೂನ್ 11ಕ್ಕೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆದಾಗಲೂ ಇದೇ. ವಾರಗಟ್ಟಲೆ ಒಂದೇ ತಮಾಷೆ. ಗಂಡ ಒಲೆ ಮುಂದೆ ಕೂತಿದ್ದಾನೆ, ಹೆಂಡತಿ ಧರ್ಮಸ್ಥಳಕ್ಕೆ ಹೋಗಿದ್ದಾಳೆ. ಗಂಡ ಅನ್ನ ಮಾಡಿಕೊಳ್ಳುವುದು ಅಷ್ಟೊಂದು ನಗುವ ವಿಷಯವೇ? ನಮ್ಮ ಬೋಟಿನಲ್ಲಿ ಅಡುಗೆ ಮಾಡುವವರೆಲ್ಲ ಗಂಡಸರೇ, ಒಳ್ಳೆ ಸಾರು ಮಾಡುತ್ತಾರೆ. ಅದಿರಲಿ, ಆ ಯೋಜನೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ. ತಮಾಷೆಯ ಗದ್ದಲದಲ್ಲಿ ಈ ಮಾತು ಕೇಳಿಸಲೇ ಇಲ್ಲ.

ಈಗ ಸಮಿತಿಯ ವಿಷಯ. ಕೇಬಲ್ ಟಿವಿಯಲ್ಲಿ ಬರುವುದನ್ನು ಗಮನಿಸಲು ಜಿಲ್ಲೆಗೊಂದು ಸಮಿತಿ ಇರಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2008ರಲ್ಲೇ ಆದೇಶ ಮಾಡಿದೆ. ಅಧ್ಯಕ್ಷರು ಜಿಲ್ಲಾಧಿಕಾರಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಮಕ್ಕಳ ಮತ್ತು ಹೆಂಗಸರ ಪರ ಕೆಲಸ ಮಾಡುವ ಸಂಸ್ಥೆಯವರು ಅದರಲ್ಲಿ ಇರಬೇಕು. 1994ರ ಕೇಬಲ್ ಟಿವಿ ನಿಯಮಗಳನ್ನು ಒಬ್ಬ ವಕೀಲರು ನನಗೆ ಓದಿ ಹೇಳಿದರು. ಮಕ್ಕಳನ್ನು ಹೀಯಾಳಿಸುವ ಕಾರ್ಯಕ್ರಮ ಹಾಕುವಂತಿಲ್ಲ. ಜಾಹೀರಾತಿನಲ್ಲಿ ಹೆಣ್ಣನ್ನು ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರುವವಳ ಹಾಗೆ, ಮನೆಯಲ್ಲೂ ಸಮಾಜದಲ್ಲೂ ಎರಡನೇ ಸಾಲಿನವಳ ಹಾಗೆ ತೋರಿಸುವಂತಿಲ್ಲ. ನಾನು ಎರಡು ಸಲ ಓದಿಸಿದೆ. 1994! ನಾನಾಗ ಶಾಲೆಗೆ ಹೋಗುತ್ತಿದ್ದೆ. ಅವತ್ತಿನಿಂದ ಇವತ್ತಿನವರೆಗೆ ಬಟ್ಟೆ ಸೋಪಿನ ಜಾಹೀರಾತಿನಲ್ಲಿ ಅಂಗಿಯ ಕಲೆಗೆ ಬೈಸಿಕೊಳ್ಳುವವಳು ಯಾರು ಅಂತ ನೀವೇ ನೋಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಸಮಿತಿಯ ಸಭೆ ಕರೆಯಿರಿ. ದೂರು ಎಲ್ಲಿ ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಪ್ರತಿ ತಹಶೀಲ್ದಾರ್ ಕಚೇರಿಯಲ್ಲಿ, ಪಂಚಾಯಿತಿಯಲ್ಲಿ, ಶಾಲೆಯಲ್ಲಿ ಒಂದು ಹಾಳೆ ಅಂಟಿಸಿ. ಮಕ್ಕಳ ವಿಡಿಯೋ ಹಾಕುವ ಮೊದಲು ಮನೆಯವರನ್ನು ಕೇಳಿ ಅಂತ ಲೋಕಲ್ ಚಾನೆಲ್ಲಿನವರನ್ನು ಕೂರಿಸಿಕೊಂಡು ಹೇಳಿ. ಅವರೇನು ರಾಕ್ಷಸರಲ್ಲ, ನಮ್ಮೂರ ಹುಡುಗರೇ. ಅವರನ್ನು ಜೈಲಿಗೆ ಹಾಕಿಸುವುದು ನನಗೆ ಬೇಕಾಗಿಲ್ಲ. ಕೇಬಲ್ ನಿಮ್ಮ ಕೈಯಲ್ಲಿದೆ, ಮೊಬೈಲ್ ಇಲ್ಲ, ಅದೂ ಗೊತ್ತು. ಮೊಬೈಲಿನಲ್ಲಿ ವಿಡಿಯೋ ಓಡಾಡಿಸುವ ಸೋಷಿಯಲ್ ಮೀಡಿಯಾ ಕಂಪನಿಗಳಿಗೆ ದೂರು ಕೊಟ್ಟರೆ 24 ಗಂಟೆಯೊಳಗೆ ಸ್ವೀಕರಿಸಿ ತಿಳಿಸಬೇಕು ಅಂತ 2021ರ ನಿಯಮ ಇದೆಯಂತೆ. ನನ್ನ ಅಣ್ಣನಂಥವರಿಗೆ ಆ ದೂರು ಬರೆದುಕೊಡುವವರು ಬೇಕು.

ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ನ್ಯಾಯಾಧೀಶರಿಗೆ, ವಕೀಲರಿಗೆ ಒಂದು ಕೈಪಿಡಿ ಮಾಡಿಕೊಟ್ಟಿತು. ಹೆಂಗಸರ ಬಗ್ಗೆ ಯಾವ ಪದ ಬಳಸಬಾರದು, ಬದಲಿಗೆ ಯಾವುದು ಅಂತ. ನಿಮ್ಮ ವಾರ್ತಾ ಇಲಾಖೆಯವರು ಜಿಲ್ಲೆಯ ಪತ್ರಕರ್ತರಿಗೆ ಅಂಥದ್ದೇ ಒಂದನ್ನು ಕನ್ನಡದಲ್ಲಿ ಮಾಡಿಕೊಡಲಿ. ಕ್ರೈಂ ಸುದ್ದಿಯಲ್ಲಿ "ಆಂಟಿ" ಅನ್ನುವ ಪದ ಒಂದು ಕಡಿಮೆಯಾದರೂ ಸಾಕು. ಸತ್ತವಳು ಯಾರದ್ದೋ ಅಮ್ಮ ಆಗಿರುತ್ತಾಳೆ.

ಸಮಿತಿಯಲ್ಲಿ ಒಬ್ಬ ಸ್ತ್ರೀವೇಷಧಾರಿಗೂ ಜಾಗ ಕೊಡಿ. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಒಬ್ಬರಿಗೂ. 2019ರ ಕಾಯ್ದೆ ಅವರ ಗುರುತಿನ ಪತ್ರದ ಅರ್ಜಿಯನ್ನು ನಿಮ್ಮ ಕಚೇರಿಗೇ ಕಳಿಸಿತ್ತು. ಅವರ ದಾಖಲೆ ನಿಮಗೆ ಹೊಸದಲ್ಲ. ಅವರ ಅಭಿಪ್ರಾಯವನ್ನೂ ಒಮ್ಮೆ ಕೇಳಿ.

ಇನ್ನೊಂದು, ಇದು ನನ್ನ ಮೇಲೇ ದೂರು. ಹುಡುಗರ ಚಡ್ಡಿಗೆ ಎರಡು ಜೇಬು ಇಡುತ್ತೇನೆ, ಪ್ಯಾಂಟಿಗೆ ಮೂರು. ಹುಡುಗಿಯರ ಚೂಡಿದಾರಕ್ಕೆ ಒಂದೂ ಇಲ್ಲ. 19 ವರ್ಷ ಹಾಗೇ ಹೊಲಿದಿದ್ದೇನೆ. ಯಾರೂ ಕೇಳಲಿಲ್ಲ, ನನಗೂ ತೋಚಲಿಲ್ಲ. ಮೊನ್ನೆ ಏಳನೇ ತರಗತಿಯ ಹುಡುಗಿಯೊಬ್ಬಳು ಅಳತೆ ಕೊಡುವಾಗ, "ಅಕ್ಕಾ, ಬಸ್ಸಲ್ಲಿ ತೋರಿಸೋ ಆಧಾರ್ ಕಾರ್ಡ್ ಎಲ್ಲಿ ಇಟ್ಕೊಳ್ಳಲಿ?" ಅಂತ ಕೇಳಿದಳು. ಒಂದು ಜೇಬಿಗೆ ಅಂಗೈಯಗಲದ ಬಟ್ಟೆ ಸಾಕು, ಹತ್ತು ನಿಮಿಷದ ಕೆಲಸ. ಅವತ್ತಿನಿಂದ ಹುಡುಗಿಯರಿಗೆಲ್ಲ ಇಡುತ್ತಿದ್ದೇನೆ, ಕೇಳದಿದ್ದರೂ. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಕೊಡುವಾಗ ಹುಡುಗಿಯರಿಗೂ ಜೇಬು ಇಡಿಸಿ ಅಂತ ನಿಮ್ಮ ಶಿಕ್ಷಣ ಇಲಾಖೆಯವರು ಒಂದು ಸಾಲು ಬರೆದರೆ ಜಿಲ್ಲೆಯ ಟೈಲರುಗಳೆಲ್ಲ ಇಡುತ್ತಾರೆ.

ಮಾಣಿ ಈ ಬೇಸಿಗೆಗೆ ಶಿಬಿರಕ್ಕೆ ಹೋಗುವುದಿಲ್ಲ ಅಂದಿದ್ದ. ಹೋದ ವಾರ ಬಂದು, "ರಾಕ್ಷಸ ವೇಷ ಕೊಟ್ರೆ ಹೋಗ್ತೆ" ಅಂದ. ನಾನೇನೂ ಹೇಳಲಿಲ್ಲ. ಕುಪ್ಪಸ ನನ್ನ ಹತ್ತಿರವೇ ಇದೆ, ಹೊಲಿಗೆ ಒಳಗೆ ಎರಡು ಇಂಚು ಬಿಟ್ಟಿದ್ದೆ, ಬೆಳೆದರೂ ಬಿಚ್ಚಿ ಸರಿ ಮಾಡಬಹುದು.

ಸಭೆ ಇಟ್ಟರೆ ಮೊದಲೇ ತಿಳಿಸಿ, ಬಂದು ಮಾತಾಡುತ್ತೇನೆ. ಕಾರವಾರಕ್ಕೆ ಬೆಳಗಿನ ಬಸ್ ಹಿಡಿದರೆ ಹೊತ್ತಿಗೆ ಮುಟ್ಟುತ್ತೇನೆ. ನಮ್ಮೂರ ಸಂತೆಯ ದಿನ ಒಂದು ಬೇಡ, ಅವತ್ತು ಅಂಗಡಿ ಬಿಡಲಿಕ್ಕಾಗುವುದಿಲ್ಲ.

ಇಂತಿ,
ಕುಮಟಾದ ಒಬ್ಬ ಟೈಲರ್